ಬೆಳ್ಳಗಿರುವುದೆಲ್ಲ ಹಾಲಲ್ಲ, ಹೊಳೆಯುವ ಮರಿಯೆಲ್ಲ ಒಂದೇ ಮೀನಲ್ಲ



ಅಂಗಡಿಯಿಂದ ತಂದ ಕಾಳುಮೆಣಸಿನ ಮೇಲೆ ಅನುಮಾನ ಬಂದರೆ ನೀವೇನು ಮಾಡುತ್ತೀರಿ? ಒಂದು ಚಮಚ ತೆಗೆದು ನೀರಿಗೆ ಹಾಕಿ ನೋಡುತ್ತೀರಿ. ಮೆಣಸು ತಳ ಸೇರುತ್ತದೆ, ಬೆರಕೆಯ ಪರಂಗಿ ಬೀಜ ಮೇಲೆ ತೇಲುತ್ತದೆ. ಸಾಸಿವೆಯಲ್ಲಿ ಮುಳ್ಳುದತ್ತೂರಿಯ ಬೀಜ ಸೇರಿದೆಯೋ ಅಂತ ಸಂಶಯವಿದ್ದರೆ ಒಂದೆರಡು ಕಾಳು ಒಡೆದು ನೋಡುತ್ತೀರಿ. ಸಾಸಿವೆಯ ಒಳಗು ಹಳದಿ, ಅದರದು ಬಿಳಿ. ನೋಡಲು ಒಂದೇ ತರಹ ಇರುವ ಎರಡನ್ನು ಬೇರೆ ಮಾಡುವ ಈ ವಿದ್ಯೆಯನ್ನು ನಮಗೆ ಯಾವ ಶಾಲೆಯಲ್ಲೂ ಕಲಿಸಿಲ್ಲ. ಮೊರ ಹಿಡಿದ ಕೈಗೆ ಅದು ತಾನಾಗಿ ಬಂದದ್ದು.

ಈ ಸಲ ಆ ವಿದ್ಯೆಯನ್ನು ಮೊರದಿಂದ ಬಕೆಟ್ಟಿಗೆ ತರೋಣ. ವಿಷಯ ಮೀನಿನದು. 'ನಾವು ಮೀನು ಮುಟ್ಟುವವರಲ್ಲ' ಎಂದು ಪುಟ ತಿರುಗಿಸಬೇಡಿ. ಇದು ಊಟದ ಮಾತಿಗಿಂತ ಹೆಚ್ಚಾಗಿ ಕೆರೆಯ ಮಾತು.

ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬರುವ ತಾಯಂದಿರು ಈಗ ನಮ್ಮ ಸಣ್ಣ ಊರುಗಳಲ್ಲೂ ಕಡಿಮೆಯೇನಿಲ್ಲ. ಅಲ್ಲಿ ಬೇಸಿಗೆಯ ಶನಿವಾರ, ಭಾನುವಾರ ಬಂತೆಂದರೆ ಎಷ್ಟೋ ಮನೆಗಳವರು ಸರೋವರದ ದಡಕ್ಕೆ ಹೊರಡುತ್ತಾರೆ. ಅಳಿಯ ಗಾಳ ಹಿಡಿದಿರುತ್ತಾನೆ, ಅಜ್ಜಿಯ ಪಕ್ಕದಲ್ಲಿ ಮೊಮ್ಮಗ ಬಕೆಟ್ ಕಾಯುತ್ತಾ ಕೂತಿರುತ್ತಾನೆ. ಆ ಬಕೆಟ್ಟಿನೊಳಗೆ ಬೆರಳುದ್ದದ ಬೆಳ್ಳಿಮರಿಗಳು ಓಡಾಡುತ್ತಿರುತ್ತವೆ. ಅವೇ ಗಾಳಕ್ಕೆ ಸಿಕ್ಕಿಸುವ ಎರೆಮೀನುಗಳು. ಎಲ್ಲವೂ ಎರೆಮೀನುಗಳೇ ಆಗಿದ್ದರೆ ಚಿಂತೆಯಿಲ್ಲ. ಒಂದೆರಡು ಬೇರೆಯವು ಸೇರಿಕೊಂಡಿದ್ದರೆ? ತೊಂದರೆ ಶುರುವಾಗುವುದೇ ಅಲ್ಲಿ.

ಒಂದು ಊರಿನ ಉದಾಹರಣೆ ಹಿಡಿದು ಹೇಳಿದರೆ ಸುಲಭ. ಕೆಂಟಕಿ ಮತ್ತು ಟೆನೆಸಿ ರಾಜ್ಯಗಳಲ್ಲಿ ಹರಡಿಕೊಂಡಿರುವ ಕೆಂಟಕಿ ಸರೋವರ ನಮ್ಮ ಕನ್ನಂಬಾಡಿಯ ಹಾಗೆ ಮನುಷ್ಯ ಕಟ್ಟಿದ್ದು. ಟೆನೆಸಿ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1944ರಲ್ಲಿ ಮುಗಿಯಿತು. ಪಕ್ಕದ ಕಂಬರ್‌ಲೆಂಡ್ ನದಿಗೆ 1966ರಲ್ಲಿ ಇನ್ನೊಂದು ಅಣೆಕಟ್ಟಾಗಿ ಬಾರ್ಕ್ಲಿ ಸರೋವರವಾಯಿತು. ಎರಡರ ನಡುವೆ ಒಂದು ಕಾಲುವೆಯೂ ಇದೆ. ಗಾಳ ಹಾಕುವವರಿಗೆ ಇವು ಹೆಸರುವಾಸಿ ಜಾಗಗಳು. ದೋಣಿ ಬಾಡಿಗೆ, ವಸತಿಗೃಹ, ಗಾಳದ ಅಂಗಡಿ, ಹೋಟೆಲು ಅಂತ ಅಲ್ಲಿನ ಎಷ್ಟೋ ಮನೆಗಳ ಒಲೆ ಉರಿಯುವುದು ಈ ನೀರಿನಿಂದಲೇ.

ಅಲ್ಲಿನ ನೀರಿನ ಹುಟ್ಟುಮಕ್ಕಳಲ್ಲಿ ಎರಡು ಬಗೆಯ ಶ್ಯಾಡ್ ಮೀನುಗಳು ಮುಖ್ಯ. ಒಂದು ಗಿಜರ್ಡ್ ಶ್ಯಾಡ್. ಕೋಳಿಗಿರುವಂಥ ಗಟ್ಟಿ ಜಠರ ಅದಕ್ಕೂ ಇರುವುದರಿಂದ ಆ ಹೆಸರು. ಇನ್ನೊಂದು ಥ್ರೆಡ್‌ಫಿನ್ ಶ್ಯಾಡ್, ಅಂದರೆ ದಾರದ ರೆಕ್ಕೆಯದು. ದೊಡ್ಡ ಮೀನುಗಳಿಗೆ ಇವೇ ಅನ್ನ. ಆದ್ದರಿಂದಲೇ ಜನ ಬೆಳಗಾಗುವ ಮುನ್ನ ಬೀಸುಬಲೆ ಎಸೆದು ಇವುಗಳ ಮರಿಗಳನ್ನು ಹಿಡಿದು, ಬಕೆಟ್ಟಿನಲ್ಲಿ ಜೀವಂತ ಇಟ್ಟುಕೊಂಡು ಗಾಳಕ್ಕೆ ಹೊರಡುತ್ತಾರೆ.

ಇನ್ನು ನೆಂಟಸ್ತನಕ್ಕೆ ಬಂದು ಮನೆಯನ್ನೇ ಹಿಡಿದುಕೊಂಡವರ ಕಥೆ ಕೇಳಿ. ಬೆಳ್ಳಿಗೆಂಡೆ ಮತ್ತು ದೊಡ್ಡತಲೆ ಗೆಂಡೆ ಚೀನಾ ದೇಶದ ದೊಡ್ಡ ನದಿಗಳ ಮೀನುಗಳು. ಅಲ್ಲಿ ಇವನ್ನು ಕೊಳಗಳಲ್ಲಿ ಸಾಕಿ ಪ್ರೀತಿಯಿಂದ ಉಣ್ಣುತ್ತಾರೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯಕ್ಕೆ ಇವನ್ನು ತರಿಸಿದರು. ಮೀನುಸಾಕಣೆಯ ಕೊಳ ಮತ್ತು ಕೊಳಚೆ ನೀರಿನ ಹೊಂಡಗಳಲ್ಲಿ ಹಸಿರು ಪಾಚಿ ಕಟ್ಟದಂತೆ ತಿಂದು ಶುಚಿ ಮಾಡಲಿ ಎಂಬುದು ಉದ್ದೇಶ. ಉದ್ದೇಶವೇನೋ ಒಳ್ಳೆಯದೇ. ಆದರೆ ಕೊಳದಲ್ಲಿದ್ದವು ಹೊಳೆಗೆ ಹಾರಿದವು. 1980ರ ದಶಕದ ಹೊತ್ತಿಗೆ ಮಿಸಿಸಿಪ್ಪಿ ನದಿಯ ನೀರಿನಲ್ಲಿ ಓಡಾಡುತ್ತಿದ್ದವು. ಅಲ್ಲಿಂದ ಉಪನದಿಗಳು, ಹಡಗು ದಾಟಿಸುವ ನೀರುಬಾಗಿಲುಗಳು, ಕಡೆಗೆ ಈ ಸರೋವರಗಳು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ!

'ಬಂದರೆ ಬರಲಿ, ಮೀನೇ ತಾನೇ?' ಅನ್ನುತ್ತೀರಾ? ಹಾಗಲ್ಲ ನೋಡಿ. ಬೆಳ್ಳಿಗೆಂಡೆಗೆ ಹಲ್ಲಿನಿಂದ ಕಚ್ಚಿ ತಿನ್ನುವ ಅಭ್ಯಾಸವಿಲ್ಲ. ಅದರ ಕಿವಿರಿನೊಳಗೆ ಸ್ಪಂಜಿನಂಥ ಒಂದು ಜರಡಿ ಇದೆ. ಬಾಯಿ ತೆರೆದು ಈಜುತ್ತಾ ನೀರನ್ನು ಸೋಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳನ್ನೂ ಜೀವಿಗಳನ್ನೂ ನುಂಗುತ್ತದೆ. ಹುಟ್ಟಿದ ಹೊಸದರಲ್ಲಿ ಬಹುಪಾಲು ಮೀನುಮರಿಗಳು ಬದುಕುವುದೂ ಆ ನೀರಿನ ಧೂಳಿನಂಥ ಆಹಾರದ ಮೇಲೆಯೇ. ಅದನ್ನೇ ಸೋಸಿಬಿಟ್ಟರೆ ಹಸುಗೂಸಿನ ಹಾಲಿಗೆ ಕೈ ಹಾಕಿದ ಹಾಗೆ. ಇಲಿನಾಯ್ ನದಿಯಲ್ಲಿ ಈ ಗೆಂಡೆಗಳು ಹೆಚ್ಚಿದ ಮೇಲೆ ಅಲ್ಲಿನ ಗಿಜರ್ಡ್ ಶ್ಯಾಡ್ ಮೀನುಗಳು ಮೊದಲಿಗಿಂತ ಬಡಕಲಾಗಿದ್ದವೆಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಶ್ಯಾಡ್ ಸೊರಗಿದರೆ ಅದನ್ನು ತಿನ್ನುವ ದೊಡ್ಡ ಮೀನಿಗೂ ಹೊಟ್ಟೆಗಿಲ್ಲ, ಅದನ್ನು ನಂಬಿದ ಮನೆಗೂ ಇಲ್ಲ.

ಇದರ ಮೇಲೆ ಇನ್ನೊಂದು ಉಪದ್ರವ. ಮೋಟಾರು ದೋಣಿಯ ಸದ್ದು ಕೇಳಿದರೆ ಬೆಳ್ಳಿಗೆಂಡೆ ಬೆದರಿ ಎಂಟು-ಹತ್ತು ಅಡಿ ಮೇಲಕ್ಕೆ ನೆಗೆಯುತ್ತದೆ. ಹತ್ತಾರು ಕಿಲೋ ತೂಕದ ಮೀನು ಬಂದು ಮುಖಕ್ಕೆ ಬಡಿದರೆ ಏನಾದೀತು, ನೀವೇ ಯೋಚಿಸಿ. ಹೀಗೆ ಪೆಟ್ಟು ತಿಂದವರು ಅಲ್ಲಿ ಬಹಳ ಜನ. ಒಂದು ಹೆಣ್ಣುಮೀನು ಇಡುವುದು ಲಕ್ಷಗಟ್ಟಲೆ ಮೊಟ್ಟೆ. ಒಮ್ಮೆ ನೆಲೆಯೂರಿದರೆ ಪೂರ್ತಿ ತೆಗೆಯುವುದು ಹೆಚ್ಚುಕಡಿಮೆ ಆಗದ ಮಾತು.

ತಡೆಯಲು ಅವರು ಪಡುತ್ತಿರುವ ಪಾಡು ಸಾಮಾನ್ಯವಲ್ಲ. ಷಿಕಾಗೋ ಬಳಿಯ ಕಾಲುವೆಯಲ್ಲಿ ನೀರಿಗೆ ವಿದ್ಯುತ್ತು ಹರಿಸುವ ತಡೆಯೊಂದು 2002ರಲ್ಲೇ ಶುರುವಾಯಿತು. ಬಾರ್ಕ್ಲಿ ಅಣೆಕಟ್ಟಿನ ಬಳಿ 2019ರಲ್ಲಿ ಸದ್ದು, ಬೆಳಕು, ಗಾಳಿಗುಳ್ಳೆ ಮೂರನ್ನೂ ಸೇರಿಸಿದ ಬೇಲಿಯ ಪ್ರಯೋಗ ನಡೆಸಿದರು. ಬೆಳ್ಳಿಗೆಂಡೆಯನ್ನು ಜೀವಂತವಾಗಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಬಾರದೆಂದು 2007ರಲ್ಲೂ, ದೊಡ್ಡತಲೆ ಗೆಂಡೆಗೆ ಅದೇ ನಿಯಮವನ್ನು 2010ರಲ್ಲೂ ಇಡೀ ದೇಶಕ್ಕೆ ಅನ್ವಯಿಸುವಂತೆ ಮಾಡಿದರು. ಇಷ್ಟೆಲ್ಲ ಬೇಲಿ ಕಟ್ಟಿದರೂ ಒಂದಕ್ಕೆ ಮಾತ್ರ ಬೇಲಿಯಿಲ್ಲ: ಕಾರಿನ ಹಿಂದೆ ಕೂತು ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುವ ಎರೆಮೀನಿನ ಬಕೆಟ್ಟಿಗೆ. ಸಂಜೆ ಮನೆಗೆ ಹೊರಡುವಾಗ 'ಪಾಪ, ಬದುಕಿಕೊಳ್ಳಲಿ' ಎಂದು ಉಳಿದ ಮರಿಗಳನ್ನು ನೀರಿಗೆ ಸುರಿಯುವ ಕೈ ಬಹಳ ಸಲ ಮಕ್ಕಳದ್ದು, ಇಲ್ಲವೇ ಕರುಣೆಯುಳ್ಳ ನಮ್ಮಂಥ ಹೆಂಗಸರದ್ದು. ಆದ್ದರಿಂದಲೇ ಈ ಗುರುತುಗಳು ನಮಗೂ ತಿಳಿದಿರಬೇಕು.

ಒಂದು ಗಾಜಿನ ಜಾಡಿಗೆ ನೀರು ಹಾಕಿ, ಮರಿಯನ್ನು ಅದರೊಳಗೆ ಬಿಟ್ಟು, ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ.

ಮೊದಲನೆಯದು ಕಣ್ಣು. ಬೆಳ್ಳಿಗೆಂಡೆಯ ಕಣ್ಣು ತಲೆಯ ನಡುಮಟ್ಟಕ್ಕಿಂತ ಕೆಳಗಿರುತ್ತದೆ. ಗೊಂಬೆಗೆ ಕಣ್ಣು ಬರೆಯುವಾಗ ಕೈಜಾರಿ ಕೆನ್ನೆಯ ಮೇಲೆ ಬರೆದಂತೆ ಕಾಣುತ್ತದೆ. ಮೀನನ್ನೇ ತಲೆಕೆಳಗೆ ಹಿಡಿದಿದ್ದೇವೋ ಅನ್ನಿಸುವುದೂ ಉಂಟು. ಶ್ಯಾಡ್ ಮರಿಯ ಕಣ್ಣು ದೊಡ್ಡದು, ಇರಬೇಕಾದ ಕಡೆಯಲ್ಲೇ ಇರುತ್ತದೆ. ಎಲ್ಲಕ್ಕಿಂತ ಬೇಗ ತಿಳಿಯುವ ಗುರುತು ಇದೇ.

ಎರಡನೆಯದು ಬೆನ್ನಿನ ದಾರ. ಶ್ಯಾಡ್ ಮೀನಿನ ಬೆನ್ನಿನ ಈಜುರೆಕ್ಕೆಯ ಕೊನೆಯ ಕಡ್ಡಿ ಉದ್ದವಾಗಿ ಬೆಳೆದು ದಾರದ ಎಳೆಯಂತೆ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಎರಡು ಬಗೆಯ ಶ್ಯಾಡಿಗೂ ಇದು ಉಂಟು. ಗೆಂಡೆಗೆ ಇಲ್ಲವೇ ಇಲ್ಲ. ಆದರೆ ತೀರಾ ಎಳೆಯ ಶ್ಯಾಡ್ ಮರಿಯಲ್ಲಿ ಈ ಎಳೆ ಇನ್ನೂ ಬೆಳೆದಿರುವುದಿಲ್ಲ, ಬಲೆಗೆ ಸಿಕ್ಕು ತುಂಡಾಗಿರುವುದೂ ಉಂಟು. ದಾರ ಕಂಡರೆ ಶ್ಯಾಡ್ ಎನ್ನಿ. ಕಾಣದಿದ್ದರೆ ತಕ್ಷಣ ಗೆಂಡೆ ಎನ್ನದೆ ಮುಂದಿನ ಗುರುತು ನೋಡಿ.

ಮೂರನೆಯದು ಹೊಟ್ಟೆಯ ಅಂಚು. ಕರಾವಳಿಯ ಸೋದರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೂತಾಯಿ ಮೀನು ಶುಚಿ ಮಾಡುವಾಗ ಹೊಟ್ಟೆಯ ಕೆಳಗೆ ಗರಗಸದಂತೆ ಬೆರಳಿಗೆ ತರಚುತ್ತದಲ್ಲ, ಶ್ಯಾಡಿಗೂ ಹಾಗೆಯೇ. ಬೂತಾಯಿಯೂ ಶ್ಯಾಡೂ ದೂರದ ದಾಯಾದಿಗಳು. ಬೆಳ್ಳಿಗೆಂಡೆಯ ಹೊಟ್ಟೆಯೂ ಕೆಳಗೆ ಏಣಿನಂತೆ ಚೂಪಾಗಿಯೇ ಇರುತ್ತದೆ. ಆದರೆ ನುಣುಪು, ಹಲ್ಲುಗಳಿಲ್ಲ. ಹಿಂದಿನಿಂದ ಮುಂದಕ್ಕೆ, ಅಂದರೆ ಬಾಲದ ಕಡೆಯಿಂದ ತಲೆಯ ಕಡೆಗೆ, ಒದ್ದೆ ಬೆರಳಿಂದ ಮೆಲ್ಲಗೆ ಸವರಿದರೆ ತಿಳಿಯುತ್ತದೆ.

ನಾಲ್ಕನೆಯದು ಹುರುಪೆ. ಬೆಳ್ಳಿಗೆಂಡೆಯ ಹುರುಪೆ ಬಹಳ ಸಣ್ಣದು. ದೂರದಿಂದ ನೋಡಿದರೆ ಹುರುಪೆಯೇ ಇಲ್ಲದ ನುಣುಪು ಮೈ ಅನ್ನಿಸಬೇಕು. ಶ್ಯಾಡಿನದು ಅದಕ್ಕಿಂತ ದೊಡ್ಡದು, ಮುಟ್ಟಿದರೆ ಸಾಕು ಕೈಗೆ ಅಂಟಿ ಉದುರುತ್ತದೆ.

ಐದನೆಯದು ಬೊಟ್ಟು. ಎಳೆಯ ಶ್ಯಾಡಿಗೆ ಕಿವಿರಿನ ಹಿಂದೆ, ಹೆಗಲಿನ ಬಳಿ, ಕಪ್ಪು ಬೊಟ್ಟಿಟ್ಟಂತೆ ಒಂದು ಚುಕ್ಕೆ ಇರುತ್ತದೆ. ಬೆಳ್ಳಿಗೆಂಡೆ ಮರಿಗೆ ಆ ಬೊಟ್ಟಿಲ್ಲ. ಥ್ರೆಡ್‌ಫಿನ್ ಆದರೆ ಬಾಲಕ್ಕೆ ಅರಿಶಿನ ತಾಗಿದಂಥ ಹಳದಿ ಛಾಯೆಯೂ ಇರುತ್ತದೆ. ಬೊಟ್ಟು ಮಾಸಿರಬಹುದು, ಬಣ್ಣ ನೀರಿನಿಂದ ನೀರಿಗೆ ಬದಲಾಗಬಹುದು. ಅದಕ್ಕೇ ಇದನ್ನು ಕೊನೆಗಿಟ್ಟೆ.

ಇನ್ನೊಂದು ಎಚ್ಚರಿಕೆ. ಎರೆಮೀನಿನ ಅಂಗಡಿಗಳಲ್ಲಿ ಗೋಲ್ಡನ್ ಶೈನರ್ ಎಂಬ ಹೊಂಬಣ್ಣದ ಮರಿಯನ್ನೂ ಮಾರುತ್ತಾರೆ. ಅದು ಅಲ್ಲಿಯದೇ ಮೀನು, ಆದರೆ ಗೆಂಡೆಯ ಬಳಗಕ್ಕೆ ಸೇರಿದ್ದು. ಹಾಗಾಗಿ ಅದಕ್ಕೆ ಬೆನ್ನಿನ ದಾರವೂ ಇಲ್ಲ, ಹೊಟ್ಟೆಯ ಗರಗಸವೂ ಇಲ್ಲ. ಅಲ್ಲಿ ಕಣ್ಣು ಮತ್ತು ಹುರುಪೆಯನ್ನೇ ನಂಬಬೇಕು. ಶೈನರಿನ ಕಣ್ಣು ತಲೆಯ ನಡುಮಟ್ಟದಲ್ಲಿರುತ್ತದೆ, ಹುರುಪೆ ಎಣಿಸುವಷ್ಟು ದೊಡ್ಡದಿರುತ್ತದೆ. ಒಂದೇ ಗುರುತು ಹಿಡಿದು ತೀರ್ಪು ಕೊಡಬಾರದೆನ್ನುವುದು ಇದಕ್ಕೇ. ಹೆಣ್ಣು ನೋಡಲು ಹೋದಾಗ ಸೀರೆ ಒಂದನ್ನೇ ನೋಡಿ ಬರುತ್ತೇವೆಯೇ?

ಎಲ್ಲ ನೋಡಿದ ಮೇಲೂ ಸಂಶಯ ಉಳಿದರೆ? ಬೆರಳುದ್ದದ ಮರಿಗಳಲ್ಲಿ ಪಳಗಿದವರಿಗೂ ಸಂಶಯ ಉಳಿಯುತ್ತದೆ, ನಾಚಿಕೆಪಡಬೇಕಾದ್ದೇನಿಲ್ಲ. ಆಗ ಪಾಲಿಸಬೇಕಾದ್ದು ಇಷ್ಟೇ:

ಎಲ್ಲಿ ಬಲೆ ಹಾಕಿದರೋ ಆ ನೀರಿನಲ್ಲೇ ಎರೆಮೀನು ಬಳಸಿ. ಜೀವಂತ ಮರಿಯನ್ನು ಇನ್ನೊಂದು ನೀರಿಗೆ ಒಯ್ಯಬೇಡಿ.

ಉಳಿದ ಮರಿಗಳನ್ನು ಯಾವ ನೀರಿಗೂ ಸುರಿಯಬೇಡಿ. ಕಸದ ಡಬ್ಬಿಗೆ ಹಾಕಿ. ಬಕೆಟ್ಟಿನ ನೀರನ್ನು ದಡದಿಂದ ದೂರ, ಒಣನೆಲದ ಮೇಲೆ ಚೆಲ್ಲಿ.

ಗೆಂಡೆಮರಿ ಎನ್ನಿಸಿದ್ದನ್ನು ಜೀವಂತ ಮರಳಿ ಬಿಡಬೇಡಿ, ಜೀವಂತ ಮನೆಗೂ ತರಬೇಡಿ. ಮಂಜುಗಡ್ಡೆಯ ಮೇಲೆ ಇಟ್ಟು, ಫೋಟೋ ತೆಗೆದು, ಸಿಕ್ಕಿದ ಜಾಗ ಮತ್ತು ತಾರೀಖು ಬರೆದಿಟ್ಟುಕೊಂಡು, ಆ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಗೆ ತಿಳಿಸಲು ಮಗನಿಗೋ ಅಳಿಯನಿಗೋ ಹೇಳಿ.

ಹಾಗೆಯೇ, ಅಲ್ಲಿ ದೊಡ್ಡವರು ಗಾಳ ಹಾಕಲು ಸಾಮಾನ್ಯವಾಗಿ ಲೈಸೆನ್ಸ್ ಬೇಕು. ಎರೆಮೀನಿನ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. 'ಊರಿಂದ ಬಂದವರು, ಗೊತ್ತಿರಲಿಲ್ಲ' ಎಂದರೆ ನಡೆಯುವುದಿಲ್ಲ. ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಹಾಗಾದರೆ ದೊಡ್ಡದಾಗಿ ಬೆಳೆದ ಗೆಂಡೆಯನ್ನು ಏನು ಮಾಡುವುದು? ತಿನ್ನುವುದು! ಇಲಿನಾಯ್ ರಾಜ್ಯದವರು 2022ರಲ್ಲಿ ಈ ಗೆಂಡೆಗಳಿಗೆ 'ಕೋಪಿ' ಎಂಬ ಹೊಸ ಹೆಸರಿಟ್ಟು, ತಿನ್ನಿ ಎಂದು ಜನರಿಗೆ ಪ್ರಚಾರ ಮಾಡಿದರು. ಬಿಳಿಯ ಮಾಂಸ, ರುಚಿಯೂ ಸೌಮ್ಯ. ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳು ಬಹಳ, ಅದೊಂದೇ ಕಾಟ. ಅದಕ್ಕೆ ಕಟ್ಲೆಟ್ಟೇ ಸರಿ. ನಮ್ಮ ಸಂತೆಯಲ್ಲಿ ಸಿಗುವ ಬೆಳ್ಳಿಗೆಂಡೆಗೂ ಇದೇ ವಿಧಾನ.

ಅರ್ಧ ಕಿಲೋ ಮೀನಿಗೆ ಅರಿಶಿನ, ಉಪ್ಪು ಸವರಿ ಹತ್ತು-ಹನ್ನೆರಡು ನಿಮಿಷ ಹಬೆಯಲ್ಲಿ ಬೇಯಿಸಿ. ಆರಿದ ಮೇಲೆ ಚರ್ಮ ತೆಗೆದು, ಬೆರಳಿನಲ್ಲಿ ಹಿಸುಕುತ್ತಾ ಮುಳ್ಳು ಆರಿಸಿ. ಮಕ್ಕಳು ತಿನ್ನುವುದಾದರೆ ಎರಡು ಸಲ ಆರಿಸಿ. ಬೇಯಿಸಿ ಮಸೆದ ಎರಡು ಆಲೂಗಡ್ಡೆ, ಸಣ್ಣಗೆ ಹೆಚ್ಚಿ ಬಾಡಿಸಿದ ಒಂದು ಈರುಳ್ಳಿ, ನಾಲ್ಕು ಹಸಿಮೆಣಸಿನಕಾಯಿ, ಒಂದಿಂಚು ಶುಂಠಿ, ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಯ ರಸ, ಚಿಟಿಕೆ ಗರಂ ಮಸಾಲೆ ಸೇರಿಸಿ ಕಲಸಿ. ವಡೆಯಂತೆ ತಟ್ಟಿ, ಚಿರೋಟಿ ರವೆಯಲ್ಲಿ ಹೊರಳಿಸಿ, ಕಾವಲಿಯ ಮೇಲೆ ಎಣ್ಣೆ ಬಿಟ್ಟು ಎರಡೂ ಕಡೆ ಕೆಂಪಗೆ ಬೇಯಿಸಿ. ತಿನ್ನುವವರಿಗೆ ಇದು ಗೆಂಡೆ ಎಂದು ನೀವು ಹೇಳಿದ ಮೇಲೆಯೇ ತಿಳಿದೀತು.

'ಅಮೆರಿಕದ ಕೆರೆಯ ಚಿಂತೆ ನಮಗೇಕಪ್ಪ?' ಎನ್ನುವವರಿಗೆ ಎರಡು ಮಾತು. ಇದೇ ಬೆಳ್ಳಿಗೆಂಡೆ ನಮ್ಮ ದೇಶಕ್ಕೂ 1959ರಲ್ಲಿ ಬಂತು. ಸಾಕುವ ಕೊಳದಲ್ಲಿ ಅದು ಉಪಕಾರಿಯೇ, ಬಡವರ ತಟ್ಟೆಗೆ ಅಗ್ಗದ ಮೀನು ಕೊಟ್ಟಿದೆ. ಆದರೆ ಹಿಮಾಚಲ ಪ್ರದೇಶದ ಗೋವಿಂದ ಸಾಗರಕ್ಕೆ 1971ರಲ್ಲಿ ಆಕಸ್ಮಿಕವಾಗಿ ಸೇರಿಕೊಂಡ ಬೆಳ್ಳಿಗೆಂಡೆ ಕ್ರಮೇಣ ಬಲೆ ತುಂಬ ತಾನೇ ಆಯಿತು, ಕಾಟ್ಲಾ ಹಿಂದೆ ಸರಿಯಿತು. 1952ರಲ್ಲಿ ತಂದ ತಿಲಾಪಿಯ ಈಗ ನಮ್ಮೂರ ಕೆರೆಗಳಲ್ಲಿ 'ಜಿಲೇಬಿ' ಎಂಬ ಮುದ್ದಿನ ಹೆಸರಿಟ್ಟುಕೊಂಡು ಸಂಸಾರ ಹೂಡಿದೆ. ಆಫ್ರಿಕದ ಕ್ಯಾಟ್‌ಫಿಶ್ ಸಾಕಬಾರದೆಂದು ಸರ್ಕಾರ ನಿಷೇಧಿಸಿದ್ದರೂ ಕದ್ದುಮುಚ್ಚಿ ಸಾಕುವವರಿದ್ದಾರೆ. ಮೀನು ತಾನಾಗಿ ಕೆಟ್ಟದ್ದಲ್ಲ. ತನ್ನದಲ್ಲದ ನೀರಿಗೆ ಅದನ್ನು ಬಿಡುವ ಕೈ ಯೋಚಿಸಬೇಕು.

ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಬಣ್ಣದ ಮೀನು ಸಾಕಿದ್ದೀರಾ? ಅದರ ಗಾಜು ನೆಕ್ಕಿ ಶುಚಿ ಮಾಡುವ ಸಕ್ಕರ್ ಮೀನು ಬೆಳೆದು ದೊಡ್ಡದಾದಾಗ, ಅಥವಾ ಪರೀಕ್ಷೆ ಬಂತೆಂದು ಮಕ್ಕಳು ತೊಟ್ಟಿಯ ಕಡೆ ತಿರುಗಿ ನೋಡದಿದ್ದಾಗ, 'ಹೋಗಿ ಕೆರೆಗೆ ಬಿಟ್ಟು ಬಾ, ಪುಣ್ಯ ಬರುತ್ತೆ' ಅಂತ ಹೇಳಿ ಕಳಿಸಬೇಡಿ. ಹೀಗೆ ಪುಣ್ಯಕ್ಕೆ ಬಿಟ್ಟ ಸಕ್ಕರ್ ಮೀನುಗಳು ಇಂದು ದೇಶದ ಎಷ್ಟೋ ಕೆರೆಗಳಲ್ಲಿ ಬೆಸ್ತರ ಬಲೆ ಹರಿಯುತ್ತಿವೆ. ಅದರ ಬದಲು ಮಾರಿದ ಅಂಗಡಿಗೇ ಹಿಂತಿರುಗಿಸಿ, ಇಲ್ಲವೇ ಸಾಕುವ ಇನ್ನೊಂದು ಮನೆಗೆ ಕೊಡಿ. ಕರುಣೆಗೂ ಇದು ಸರಿ, ಕೆರೆಗೂ ಸರಿ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮೀನಿನ ವಿಷಯದಲ್ಲೂ ಅಷ್ಟೇ. ಮರಿಯಾಗಿದ್ದಾಗ ಬಕೆಟ್ಟಿನಲ್ಲಿ ತಡೆಯದಿದ್ದರೆ, ಬೆಳೆದ ಮೇಲೆ ಅಣೆಕಟ್ಟಿನಲ್ಲೂ ತಡೆಯಲಾಗದು. ಮಗುವಿನ ಕೈಗೆ ಬಕೆಟ್ ಕೊಡುವ ಮುನ್ನ ಒಂದು ನಿಮಿಷ ಜಾಡಿ ಬೆಳಕಿಗೆ ಹಿಡಿದು, ಕಣ್ಣೆಲ್ಲಿದೆ ನೋಡು ಪುಟ್ಟಾ ಅಂತ ತೋರಿಸಿಕೊಡಿ. ಮಕ್ಕಳು ಒಮ್ಮೆ ಕಲಿತರೆ ಮರೆಯುವುದಿಲ್ಲ, ನಮಗೇ ತಿರುಗಿ ಪಾಠ ಹೇಳುತ್ತವೆ.

ಮತ್ತೆ ಹದಿನೈದು ದಿನಕ್ಕೆ ಸಿಗೋಣ.